ಯಾರಿಗೆ ಮನೆ ತೋರಿಸಬೇಕು: ತಮ್ಮನ ಮಗನಿಗೆ ಒಂದು ಪತ್ರ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ರೇರಾದಲ್ಲಿ, ಎಂದರೆ ಮನೆ-ಸೈಟು ವ್ಯವಹಾರದ ನಿಯಂತ್ರಣ ಪ್ರಾಧಿಕಾರದಲ್ಲಿ, ಏಜೆಂಟನಾಗಿ ನೋಂದಾಯಿಸಿಕೊಂಡ ಸುದ್ದಿಯನ್ನು ನಿನ್ನ ಅಪ್ಪ ಫೋನಿನಲ್ಲಿ ತಿಳಿಸಿದಾಗ ತುಂಬ ಸಂತೋಷವಾಯಿತು. 2016ರಲ್ಲಿ ರೇರಾ ಕಾಯ್ದೆ ಬರುವ ತನಕ ನಮ್ಮ ಕಸುಬಿಗೆ ಹೇಳುವವರು ಕೇಳುವವರು ಇರಲಿಲ್ಲ. ಆದರೆ ಮೈಸೂರಿನಲ್ಲಿ ಸೈಟು ಬೇಕೆಂದು ಬಂದ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲವೆಂದು ನೀನು ಹೇಳಿದೆಯಂತೆ. ಆ ಮಾತನ್ನು ಕೇಳಿದ ಮೇಲೆ ಈ ಪತ್ರ ಬರೆಯದೆ ಇರಲಾಗಲಿಲ್ಲ.

ನಾನೂ ಹಾಗೆಯೇ ಆರಂಭಿಸಿದೆ. ಒಂದು ಮಳೆಗಾಲವಿಡೀ ಬೋಗಾದಿಯಿಂದ ಸಾತಗಳ್ಳಿಯವರೆಗೆ ಒಬ್ಬರಿಗೆ ಇಪ್ಪತ್ತಕ್ಕೂ ಹೆಚ್ಚು ಸೈಟು ತೋರಿಸಿದೆ. ಪ್ರತಿ ಸಲವೂ ಅವರು ಕೇಳುತ್ತಿದ್ದುದು, "ಎರಡು ವರ್ಷಕ್ಕೆ ಇದು ಎಷ್ಟಾಗಬಹುದು?" ಎಂದು ಮಾತ್ರ. ಕೊನೆಗೆ ಅವರು ಏನನ್ನೂ ಕೊಳ್ಳಲಿಲ್ಲ. ಅವರಿಗೆ ಸೈಟಿನ ಅಗತ್ಯವಿರಲಿಲ್ಲ; ಅದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳದಿದ್ದುದು ನನ್ನ ತಪ್ಪು. ಅದೇ ದಿನಗಳಲ್ಲಿ ಕುವೆಂಪುನಗರದ ಬಾಡಿಗೆ ಮನೆಯಲ್ಲಿದ್ದ ದಂಪತಿ ಬಂದರು. ನಾನು 30 × 40 ಅಡಿಯ ಸೈಟಿನ ಕಲ್ಲುಗಳನ್ನು ತೋರಿಸುತ್ತಿರುವಾಗಲೇ ಆ ಹೆಣ್ಣುಮಗಳು ಪಕ್ಕದ ಮನೆಯ ಗೇಟು ತಟ್ಟಿ, ನಲ್ಲಿಯಲ್ಲಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಸಂಪು ತುಂಬಲು ಎಷ್ಟು ಹೊತ್ತು ಬೇಕು, ಮಳೆ ಬಂದರೆ ರಸ್ತೆಯಲ್ಲಿ ನೀರು ನಿಲ್ಲುತ್ತದೆಯೇ ಎಂದು ವಿಚಾರಿಸಿಕೊಂಡು ಬಂದರು. ಸಂಜೆ ಮಾವನವರನ್ನೂ ಕರೆತಂದು ಮತ್ತೊಮ್ಮೆ ನೋಡಿದರು. ಇಂಥವರನ್ನು ಗುರುತಿಸುವುದನ್ನು ನೀನು ಕಲಿಯಬೇಕು. ಅಲ್ಲಿ ಬಾಳಬೇಕೆಂದುಕೊಂಡವರ ಪ್ರಶ್ನೆಗಳು ನೀರು, ಶಾಲೆ, ಬಸ್ಸಿನ ಸುತ್ತಲೇ ಇರುತ್ತವೆ, ಮತ್ತು ಅವರು ಎರಡನೆಯ ಸಲ ಮನೆಯ ಹಿರಿಯರೊಂದಿಗೆ ಬರುತ್ತಾರೆ.

ಅಗತ್ಯವಿದ್ದರೆ ಸಾಲದು, ಕೈಯಲ್ಲಿ ಹಣವೂ ಇರಬೇಕಲ್ಲವೇ. ಇದನ್ನು ಕೇಳಲು ಸಂಕೋಚಪಡಬೇಡ. 50 ಲಕ್ಷದ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇಕಡಾ 80ರಷ್ಟು, ಎಂದರೆ 40 ಲಕ್ಷ ಸಾಲ ಕೊಡುತ್ತದೆ. ಉಳಿದ 10 ಲಕ್ಷದ ಲೆಕ್ಕ ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ ಶೇಕಡಾ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 2. ಇವೆರಡನ್ನೂ ಬ್ಯಾಂಕು ಮನೆಯ ಬೆಲೆಯಲ್ಲಿ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಅವರ ಕೈಯಲ್ಲಿ ಹತ್ತಿರ ಹತ್ತಿರ 14 ಲಕ್ಷ ಇರಬೇಕು. ಈ ಲೆಕ್ಕವನ್ನು ಮೊದಲ ಭೇಟಿಯಲ್ಲೇ ಕಾಗದದ ಮೇಲೆ ಬರೆದು ತೋರಿಸು. ಕೈಯಲ್ಲಿ ಅಷ್ಟು ಹಣವಿಲ್ಲದಿದ್ದರೆ ಮುಂದಿನ ವರ್ಷ ಬನ್ನಿ ಎಂದು ಪ್ರೀತಿಯಿಂದ ಹೇಳಿ ಕಳಿಸು. ಅಡ್ವಾನ್ಸ್ ಕೊಟ್ಟ ಮೇಲೆ ಹಣ ಹೊಂದಿಸಲಾಗದೆ ಅದನ್ನು ಕಳೆದುಕೊಂಡ ಸಂಸಾರಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

2023ರಲ್ಲಿ ಬೆಂಗಳೂರಿನ ದಶಪಥ ಹೆದ್ದಾರಿ ತೆರೆದ ಮೇಲೆ ಅಲ್ಲಿಂದ ನಿವೃತ್ತರು ಮೈಸೂರಿಗೆ ಬಂದು ನೆಲೆಸಲು ವಿಚಾರಿಸುತ್ತಿದ್ದಾರೆ. ಅವರಿಗೆ ಬೇಕಾದದ್ದು ಆಸ್ಪತ್ರೆ ಹತ್ತಿರವಿರುವ, ಮೆಟ್ಟಿಲು ಹತ್ತಬೇಕಿಲ್ಲದ ಎರಡು ಕೋಣೆಯ ಮನೆ. ಮೊದಲ ಮನೆ ಕೊಳ್ಳುವ ಸಂಸಾರವೋ, ಇಂಥ ನಿವೃತ್ತರೋ, ಒಂದು ಬಗೆಯವರನ್ನು ಆರಿಸಿಕೊಂಡು ಅವರಿಗೊಪ್ಪುವ ಎರಡು ಬಡಾವಣೆಗಳ ಬೀದಿಬೀದಿಯನ್ನೂ ತಿಳಿದುಕೋ. ಊರೆಲ್ಲ ಸುತ್ತಿದರೆ ಪೆಟ್ರೋಲು ಖರ್ಚಾಗುತ್ತದೆ, ಒಂದು ಬೀದಿಯೂ ಸರಿಯಾಗಿ ಗೊತ್ತಾಗುವುದಿಲ್ಲ.

ಮಾರುವವರನ್ನೂ ಹೀಗೆಯೇ ಆರಿಸಿಕೊಳ್ಳಬೇಕು. ಮೂಲಪತ್ರ, ಇಸಿ (ಋಣಭಾರ ಪತ್ರ), ಖಾತೆ, ವಂಶವೃಕ್ಷಗಳನ್ನು ಕೇಳಿದೊಡನೆ ತಂದಿಡುವವರು ಒಳ್ಳೆಯ ಗಿರಾಕಿಗಳು. "ತಂಗಿಯ ಸಹಿ ಬೇಕಾಗಿಲ್ಲ, ಅವಳಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಎನ್ನುವವರ ಕೆಲಸ ಹಿಡಿಯಬೇಡ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ನಾಳೆ ಅವಳು ಕೋರ್ಟಿಗೆ ಹೋದರೆ ನಿನ್ನನ್ನು ನಂಬಿ ಕೊಂಡವರು ಅಲೆಯಬೇಕಾಗುತ್ತದೆ.

ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಗಿರಾಕಿಯನ್ನು ಆರಿಸುವುದೆಂದರೆ ಜಾತಿ ಕೇಳುವುದಲ್ಲ, ಅಡುಗೆಮನೆಯಲ್ಲಿ ಏನು ಬೇಯುತ್ತದೆಂದು ಕೇಳುವುದಲ್ಲ. "ನಮ್ಮವರಿಗೇ ಕೊಡಿಸಿ" ಎಂದು ಮಾಲೀಕರು ನಿನ್ನ ಮೇಲೆ ಒತ್ತಡ ಹಾಕುತ್ತಾರೆ. ಮನೆ ಸಿಗದೆ ಬೀದಿಬೀದಿ ಅಲೆದು ಬಂದವರ ಮುಖವನ್ನು ನೋಡಿದವನು ನಾನು. ಅಂಥ ಮಾಲೀಕರ ಕೆಲಸ ನಮ್ಮ ಮನೆಯ ಹುಡುಗನಿಗೆ ಬೇಡ.

ಕೇಳಿಕೊಂಡು ಬಂದವರ ಹೆಸರು, ಅವರು ಮೊದಲು ಕೇಳಿದ ಪ್ರಶ್ನೆ, ಯಾವಾಗ ಮನೆ ಬೇಕೆಂದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡು. ಗೌರಿ ಹಬ್ಬಕ್ಕೆ ಬರುವಾಗ ಅದನ್ನು ತಪ್ಪದೆ ತಾ. ಊಟವಾದ ಮೇಲೆ ಇಬ್ಬರೂ ಕುಳಿತು ಒಂದೊಂದೇ ಹೆಸರು ನೋಡೋಣ.

ಇತಿ,
ನಿನ್ನ ದೊಡ್ಡಪ್ಪ