ಹಲಸಿನ ಮರ ಹೋಗಿಲ್ಲ

ಪುಟ್ಟಿ,

ನೀನು ಬೆಂಗಳೂರಿನ ಬಸ್ ಹತ್ತಿ ಹನ್ನೊಂದು ದಿನವಾಯಿತು. ಅಮ್ಮನಿಗೆ ದಿನಾ ಫೋನ್ ಬರುತ್ತದೆ, ನನಗೆ ಬರುವುದಿಲ್ಲ. ಅಂದು ಕಣದಲ್ಲಿ ನಡೆದದ್ದು ಇಬ್ಬರಿಗೂ ಗೊತ್ತು, ಮತ್ತೆ ಬರೆಯುವುದಿಲ್ಲ. ಆದರೆ ‘ನಾಲ್ಕು ವರ್ಷ ಓದಿಸಿದ್ದು ಕಾಫಿ ಕೊಯ್ಯುವುದಕ್ಕಾ’ ಎಂದು ಕೂಗಿದೆನಲ್ಲ, ಅದು ತಪ್ಪು. ನಿನ್ನನ್ನು ಓದಿಸಿದ್ದೇ ಕಾಫಿ. ಅದನ್ನು ಕೊಯ್ದವರು ಎದುರಿಗೇ ನಿಂತಿದ್ದರು.

ಪೊನ್ನಂಪೇಟೆಯಲ್ಲಿ ಸೀಟು ಸಿಕ್ಕ ದಿನ ಮಾದಾಪುರದ ಪೇಟೆಯಲ್ಲಿ ಕಂಡವರಿಗೆಲ್ಲ ‘ಮಗಳು ಅರಣ್ಯಶಾಸ್ತ್ರ ಓದುತ್ತಾಳೆ, ವಲಯ ಅರಣ್ಯಾಧಿಕಾರಿ ಆಗುತ್ತಾಳೆ’ ಎಂದು ಹೇಳಿದ್ದೆ. ಆ ಓದೇ ಯಾಕೆ ಬೇಕು ಎಂದು ನಿನ್ನನ್ನು ಒಮ್ಮೆಯೂ ಕೇಳಲಿಲ್ಲ.

2018ರ ಆಗಸ್ಟ್. ಗುಡ್ಡ ಕುಸಿದ ಮೇಲೆ ಪರಿಹಾರ ಕೇಂದ್ರದಿಂದ ತೋಟ ನೋಡಲು ಬಂದಿದ್ದೆವು. ಕೆಳಗಿನ ರೊಬಸ್ಟಾ ಇಲ್ಲ, ಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಓಕ್ ಇಲ್ಲ. ಹೊಳೆಯವರೆಗೂ ಬರೀ ಕೆಂಪು ಮಣ್ಣು. ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಒಂಬತ್ತನೇ ತರಗತಿಯ ಹುಡುಗಿ ನೀನು, ಅಮ್ಮನ ಗಂಬೂಟು ಹಾಕಿಕೊಂಡು ಕುಸಿದ ಅಂಚಿನವರೆಗೂ ಹೋಗಿದ್ದೆ. ‘ಅಪ್ಪಾ, ಹಲಸಿನ ಮರ ಹೋಗಿಲ್ಲ. ಬೇರು ಮಣ್ಣು ಬಿಟ್ಟಿಲ್ಲ, ಬಂದು ನೋಡು.’ ನಾನು ನೋಡಲಿಲ್ಲ. ಹಿಂದೆ ಬಾ ಎಂದು ಬೈದೆ. ನಿನ್ನ ಕಾಲಡಿಯಲ್ಲಿ ಕೂದಲೆಳೆಯ ಬಿರುಕೊಂದು ಕಂಡಿತ್ತು. ಅದರಲ್ಲಿ ನೀರು ಇಳಿಯುತ್ತಿತ್ತು. ನಿನಗೆ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ.

ಆ ಬಿರುಕು ನನ್ನನ್ನು ಬಿಟ್ಟಿಲ್ಲ. ಮಳೆ ಜೋರಾದ ರಾತ್ರಿ ಈಗಲೂ ಟಾರ್ಚ್ ಹಿಡಿದು ಹೋಗಿ ಆ ಜಾಗ ನೋಡಿ ಬರುತ್ತೇನೆ. ‘ತೋಟಕ್ಕೇ ಬರುತ್ತೇನೆ’ ಎಂದು ನೀನು ಹೇಳಿದಾಗ ನನಗೆ ಕಂಡದ್ದು ನೀನಲ್ಲ, ಅಂಚಿನಲ್ಲಿ ನಿಂತ ಗಂಬೂಟು. ಅದಕ್ಕೇ ಕೂಗಿದೆ. ಹೆದರಿಕೆ ಎನ್ನಲು ಬಾಯಿ ಬರಲಿಲ್ಲ.

ಕಾಲ್ ಸೆಂಟರ್‌ಗೆ ಅರ್ಜಿ ಹಾಕಿದ್ದೀಯಂತೆ. ಆ ಕೆಲಸ ಕೀಳಲ್ಲ, ಆದರೆ ನನ್ನ ಮೇಲಿನ ಸಿಟ್ಟಿಗೆ ಸೇರಬೇಡ. ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಪ್ರವೇಶ ಪರೀಕ್ಷೆ ಬರೆದರೆ ಎಂ.ಎಸ್ಸಿ. ಮಾಡಬಹುದು. ಭಾರತೀಯ ಅರಣ್ಯ ಸೇವೆಗೂ (ಐಎಫ್‌ಎಸ್) ನಾಗರಿಕ ಸೇವೆಗೂ ಪೂರ್ವಭಾವಿ ಪರೀಕ್ಷೆ ಒಂದೇ. ನಿನಗಿನ್ನೂ 22, ಬರೆಯಲು ಬೇಕಾದಷ್ಟು ವರ್ಷವಿದೆ. ಅಂಕಪಟ್ಟಿಗಳನ್ನು ರೂಮಿನಲ್ಲಿ ಎಲ್ಲೆಂದರಲ್ಲಿ ಇಡಬೇಡ. ರಾತ್ರಿ ಊಟ ಬಿಡಬೇಡ. ನೋಡು, ಕ್ಷಮೆ ಕೇಳಲು ಕುಳಿತವನು ಮತ್ತೆ ಪಾಠ ಶುರು ಮಾಡಿದೆ.

ತೋಟಕ್ಕೇ ಬರುವುದಾದರೂ ಬಾ. ಆದರೆ ಕೆಳಗಿನ ಜಾಗಕ್ಕೆ ಏನು ನೆಡಬೇಕು, ಮಳೆನೀರು ಯಾವ ಕಡೆ ತಿರುಗಿಸಬೇಕು, ಎಲ್ಲ ಕಾಗದದಲ್ಲಿ ಬರೆದು ತಾ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಇಬ್ಬರೂ ಹೋಗಿ ಕೇಳೋಣ. ನೆರಳು ಮರ ಸವರುವ ಮರಗಸಿಯವರು ಮುಂದಿನ ವಾರ ಬರುತ್ತಾರೆ. ಯಾವ ಕೊಂಬೆ ಕಡಿಯಬೇಕೆಂದು ನೀನು ಹೇಳುವವರೆಗೆ ಕೆಳಗಿನ ಮರಗಳನ್ನು ಮುಟ್ಟಬೇಡಿ ಎಂದಿದ್ದೇನೆ.

ನಿನ್ನೆ ಹಲಸಿನ ಮರದ ಹತ್ತಿರ ಹೋಗಿದ್ದೆ. ಹೊರಗೆ ಬಂದಿದ್ದ ಬೇರಿನ ಮೇಲೆ ಪಾಚಿ ಕಟ್ಟಿದೆ, ನನ್ನ ತೊಡೆಯಷ್ಟು ದಪ್ಪವಾಗಿದೆ. ಅಂದು ನೀನು ಕರೆದಾಗಲೇ ಬಂದು ನೋಡಬೇಕಿತ್ತು.

ಮಡಿಕೇರಿಗೆ ಬಂದು ಇಳಿದರೆ ಅಲ್ಲೇ ನಿಲ್ಲು, ಕತ್ತಲಲ್ಲಿ ಇತ್ತ ಬಸ್ ಹತ್ತಬೇಡ. ಜೀಪ್ ತರುತ್ತೇನೆ. ಫೋನ್ ಮಾತ್ರ ಅಮ್ಮನಿಗಲ್ಲ, ನನಗೆ ಮಾಡು.

ನಿನ್ನ
ಅಪ್ಪ