ನಾಟಿ ಕೋಳಿಗೂ ಲಸಿಕೆ ಸಿಗಲಿ

ಮಾನ್ಯರೇ,

ಚಳ್ಳಕೆರೆ ತಾಲ್ಲೂಕಿನ ನಮ್ಮ ಭಾಗದಲ್ಲಿ ಹಿತ್ತಲ ಕೋಳಿಗಳಿಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಸಕಾಲಕ್ಕೆ ಸಿಗುತ್ತಿಲ್ಲ. ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕುತ್ತಾ ಒಂದು ಕೋಳಿ ತೂಕಡಿಸತೊಡಗಿದರೆ ಕೆಲವೇ ದಿನಗಳಲ್ಲಿ ಗೂಡೇ ಖಾಲಿ. ವೈರಾಣುವಿನಿಂದ ಬರುವ ಈ ರೋಗಕ್ಕೆ ಚಿಕಿತ್ಸೆಯಿಲ್ಲ. ಮುಂಚಿತವಾಗಿ ಲಸಿಕೆ ಹಾಕಿಸುವುದೇ ದಾರಿ. ಆದರೆ ಒಂದು ಸೀಸೆಯಲ್ಲಿ ನೂರಾರು ಕೋಳಿಗಳಿಗಾಗುವಷ್ಟು ಲಸಿಕೆ ಇರುತ್ತದೆ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು, ಕಲಸಿದ ಮೇಲೆ ಒಂದೆರಡು ತಾಸಿನಲ್ಲೇ ಮುಗಿಸಬೇಕು. ಹತ್ತು ಕೋಳಿ ಸಾಕಿಕೊಂಡ ಹೆಣ್ಣುಮಗಳಿಗೆ, ಅದೂ ನಮ್ಮ ಬಿಸಿಲಿನಲ್ಲಿ, ಇದು ಆಗದ ಮಾತು. ಸಂಬಂಧಪಟ್ಟ ಇಲಾಖೆಯು ಬೇಸಿಗೆಗೆ ಮುನ್ನ ಊರೂರಿಗೆ ಒಂದು ದಿನ ಗೊತ್ತುಮಾಡಿ, ಹಿಂದಿನ ಸಂಜೆಯೇ ಡಂಗುರ ಸಾರಿಸಿ, ಬೆಳಗ್ಗೆ ಕೋಳಿಗಳನ್ನು ಗೂಡಿನಿಂದ ಬಿಡುವ ಮೊದಲೇ ಲಸಿಕೆ ಹಾಕಿಸಲಿ.

– ಒಬ್ಬ ಓದುಗ, ಚಳ್ಳಕೆರೆ