ಸ್ಟೆಬಿಲೈಸೇಶನ್ ಇರುವ 24-70 ಎಂಎಂ ಜೂಮ್ ಲೆನ್ಸ್: ಕೊಳ್ಳುವ ಮುನ್ನ
ಸದಸ್ಯರ ಗಮನಕ್ಕೆ. ಸ್ಟೆಬಿಲೈಸೇಶನ್ ಅಂದರೆ ಕೈನಡುಕವನ್ನು ಲೆನ್ಸೇ ಸರಿದೂಗಿಸುವ ವ್ಯವಸ್ಥೆ. ಅದರ ಸಾಮರ್ಥ್ಯ "4 ಸ್ಟಾಪ್" ಎಂದರೆ 70 ಎಂಎಂನಲ್ಲಿ 1/80 ಸೆಕೆಂಡ್ ಶಟರ್ ವೇಗ ಬೇಕಿದ್ದ ಕಡೆ 1/5 ಸಾಕು ಎಂದರ್ಥ (ಒಂದೊಂದು ಸ್ಟಾಪಿಗೂ ಸಮಯ ಎರಡು ಪಟ್ಟು). ಆದರೆ ತಡೆಯುವುದು ಕೈನಡುಕವನ್ನಷ್ಟೇ. ಓಡುವ ಮಗು ಮಸುಕಾಗಿಯೇ ಬರುತ್ತದೆ. ಅದಕ್ಕೆ 1/250 ಆದರೂ ಬೇಕು, ಹಾಗಾಗಿ ಮಕ್ಕಳು, ಸಮಾರಂಭ ತೆಗೆಯುವವರು ಹೆಚ್ಚು ಬೆಳಕು ಒಳಬಿಡುವ ಎಫ್/2.8 ಲೆನ್ಸನ್ನೇ ಮೊದಲು ನೋಡಿ.

ಪರೀಕ್ಷೆ: 70 ಎಂಎಂ, 1/10 ಸೆಕೆಂಡ್, ಸ್ಟೆಬಿಲೈಸೇಶನ್ ಆನ್ ಮತ್ತು ಆಫ್ ಮಾಡಿ ತಲಾ 10 ಚಿತ್ರ ತೆಗೆದು, ಸ್ಪಷ್ಟವಾಗಿ ಬಂದವು ಎಷ್ಟೆಂದು ಹೋಲಿಸಿ. ಆನ್ ಇದ್ದಾಗ ಶಟರ್ ಬಟನ್ ಅರ್ಧ ಒತ್ತಿ, ವ್ಯೂಫೈಂಡರಿನಲ್ಲಿ ಅಲುಗಾಟ ನಿಂತ ಮೇಲೆಯೇ ಪೂರ್ತಿ ಒತ್ತಿ. ಅವಸರಪಟ್ಟರೆ ಫಲಿತಾಂಶ ಕೆಡುತ್ತದೆ.

ಬಳಿಕ ಟ್ರೈಪಾಡ್ ಮೇಲೆ, ಸ್ಟೆಬಿಲೈಸೇಶನ್ ಆಫ್ ಮಾಡಿ, ಕ್ಯಾಮೆರಾವನ್ನು ಇಟ್ಟಿಗೆ ಗೋಡೆಗೆ ಸಮಾನಾಂತರವಾಗಿಟ್ಟು ಚಿತ್ರ ತೆಗೆಯಿರಿ. ನಾಲ್ಕೂ ಮೂಲೆ ಹಿಗ್ಗಿಸಿ ನೋಡಿ. ಎಲ್ಲವೂ ತುಸು ಮೆದುವಾಗಿದ್ದರೆ ಸಹಜ; ಒಂದೇ ಮೂಲೆ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿರುವ ಸಾಧ್ಯತೆ ಹೆಚ್ಚು, ಅದೇ ಮಾದರಿಯ ಬೇರೆ ಲೆನ್ಸ್ ಕೇಳಿ.